ದಿನಕ್ಕೊಂದು ಪಾವು ಜೋಳ

"ಗುರುಗಳೇ, ಕೊಟ್ಟದ್ದು ಸೇರಬೇಕಾದವರಿಗೆ ಸೇರಿತು ಎಂದು ತಿಳಿಯುವುದು ಹೇಗೆ?"

ಶಿಷ್ಯ ನಾಗಿದೇವ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನಾಗಿದೇವ ಆಗಷ್ಟೇ ಹೊಳೆದಂಡೆಯಿಂದ ಮರಳಿದ್ದ. ನೀರು ನುಗ್ಗಿ ಮನೆ ಕಳೆದುಕೊಂಡ ಮೇಲಿನೂರುಗಳ ಜನ ಅಲ್ಲಿ ಗುಡಾರ ಹಾಕಿದ್ದರು. ಮಠ ಅವರಿಗೆ ಅಕ್ಕಿ, ಬಟ್ಟೆ ಕಳುಹಿಸಿತ್ತು. ಹಂಚುವ ಹೊಣೆ ನಾಗಿದೇವನದು. ಮೂರು ದಿನ ಅಲ್ಲೇ ಇದ್ದು, ಗುಡಾರದಿಂದ ಗುಡಾರಕ್ಕೆ ಹೋಗಿ ನೋಡಿಕೊಂಡು ಬಂದಿದ್ದ.

ಅವನ ಮನಸ್ಸು ಸರಿಯಿರಲಿಲ್ಲ. "ಕೆಲವರು ನಾವು ಕೊಟ್ಟ ಅಕ್ಕಿಯನ್ನು ಪಕ್ಕದ ಊರಿನವರಿಗೆ ಕೊಟ್ಟುಬಿಟ್ಟಿದ್ದಾರೆ, ಗುರುಗಳೇ. ಕೇಳಿದರೆ ಸರಿಯಾಗಿ ಹೇಳುವುದಿಲ್ಲ. ಅಂಥವರ ಹೆಸರು ಪಟ್ಟಿಯಿಂದ ತೆಗೆಯೋಣವೆಂದಿದ್ದೇನೆ. ತಮ್ಮ ಅಪ್ಪಣೆ ಬೇಕು" ಎಂದ.

ಗುರುಗಳು ಅಪ್ಪಣೆ ಕೊಡಲೂ ಇಲ್ಲ, ಬೇಡವೆನ್ನಲೂ ಇಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಕಾಯಿಯ ರಾಶಿಯಲ್ಲಿ ಅರ್ಧವನ್ನು ಅವನ ಮುಂದೆ ಸರಿಸಿದರು. "ಸುಲಿಯುತ್ತ ಕೇಳು" ಎಂದು ಹೇಳತೊಡಗಿದರು.

ಒಬ್ಬ ಅರಸನಲ್ಲಿ ಸೋವರಸನೆಂಬ ಕರಣಿಕನಿದ್ದ. ಅರಮನೆಯ ಕಣಜಕ್ಕೆ ಬಂದದ್ದನ್ನೂ ಅಲ್ಲಿಂದ ಹೋದದ್ದನ್ನೂ ಬರೆದಿಡುವುದು ಅವನ ಕೆಲಸ. ಐವತ್ತು ದಾಟಿದ ಮನುಷ್ಯ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮೂವತ್ತು ವರ್ಷದಲ್ಲಿ ಅವನ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಕರಿಬಟ್ಟೆಯ ಕಡತವನ್ನೂ ಅದರ ಮೇಲೆ ಬರೆಯುವ ಬಳಪವನ್ನೂ ಬಿಟ್ಟು ಅವನು ಎಲ್ಲಿಗೂ ಹೋಗುತ್ತಿರಲಿಲ್ಲ. ಮಾತು ಒರಟು. ಕೈ ಶುದ್ಧ.

ಒಂದು ವರ್ಷ ಶ್ರಾವಣದಲ್ಲಿ ನದಿಯಾಚೆಯ ಸೀಮೆಯಲ್ಲಿ ಯುದ್ಧ ಶುರುವಾಯಿತು. ಊರುಗಳಿಗೆ ಬೆಂಕಿ ಬಿತ್ತು. ಜನ ಉಟ್ಟ ಬಟ್ಟೆಯಲ್ಲೇ ನದಿ ದಾಟಿ ಬಂದರು. ಈಚೆಯ ದಡದಲ್ಲಿ ಒಂದು ಸಣ್ಣ ಊರಿತ್ತು. ಅರವತ್ತು ಮನೆ, ಒಂದು ಕೆರೆ, ಎರಡು ಬಾವಿ. ಬಂದವರು ಕೆರೆಯ ಏರಿಯ ಆಚೆ ಬದಿಗೆ ಗುಡಾರ ಹಾಕಿಕೊಂಡರು. ನೂರ ಇಪ್ಪತ್ತು ಗುಡಾರಗಳಾದವು.

ಸುದ್ದಿ ಅರಸನಿಗೆ ಮುಟ್ಟಿತು. ಅರಸ ಕರುಣೆಯುಳ್ಳವನು. ಜೋಳ, ಕಂಬಳಿ, ಮಡಕೆಗಳನ್ನು ಬಂಡಿಗೆ ಹೇರಿಸಿದ. ಆದರೆ ಹೇರುವುದಕ್ಕೆ ಮೊದಲು ಚರ್ಚೆಯಾಯಿತು. ಹೊಳೆ ತುಂಬಿತ್ತು, ದಾರಿ ಕೆಟ್ಟಿತ್ತು. ಅಂತೂ ಬಂಡಿಗಳು ಆ ಊರನ್ನು ಸೇರಿದ್ದು ಆಶ್ವಯುಜದಲ್ಲಿ.

ಬಂಡಿಗಳ ಜೊತೆಗೆ ಸೋವರಸ ಹೋದ. ಕಣಜದ ಬಾಗಿಲಲ್ಲಿ ಮೂಟೆ ಎಣಿಸಿದ. ಹೊಳೆ ದಾಟುವಾಗ ಎಣಿಸಿದ. ಊರು ಸೇರಿದ ಮೇಲೆ ಮತ್ತೆ ಎಣಿಸಿದ. ಗುಡಾರಕ್ಕೊಬ್ಬರನ್ನು ಕರೆದು, ಹೆಸರು ಬರೆದುಕೊಂಡು, ತಲೆಗಿಷ್ಟೆಂದು ತನ್ನ ಕಣ್ಣೆದುರಿಗೇ ಅಳೆದು ಕೊಡಿಸಿದ. ವಾರವಾರ ಹೀಗೆಯೇ ಅಳೆದು ಕೊಡಲು ಇಬ್ಬರು ಸೇವಕರನ್ನು ಇರಿಸಿದ. ಒಂದು ನಿಯಮವನ್ನೂ ಮಾಡಿದ. ಇದು ನೆಲೆ ತಪ್ಪಿ ಬಂದವರಿಗಾಗಿ ಅರಸರು ಕೊಟ್ಟದ್ದು. ಇದನ್ನು ಬೇರೆಯವರಿಗೆ ಮಾರಿದರೂ ಕೊಟ್ಟರೂ ಪಟ್ಟಿಯಿಂದ ಹೆಸರು ಹೋಗುತ್ತದೆ.

ಆ ನಿಯಮ ಅದೇ ದಿನ ಒಬ್ಬನ ಮೇಲೆ ಬಿತ್ತು. ಕೇತಯ್ಯನೆಂಬ ಒಂಟಿ ಮುದುಕ ತನ್ನ ಪಾಲಿನ ಕಂಬಳಿಯನ್ನು ಊರಿನ ಒಬ್ಬ ಬಾಣಂತಿಗೆ ಹೊದಿಸಿ ಬಂದ. ಸೋವರಸ ಅದನ್ನು ಕಂಡ. ಕಡತ ಬಿಚ್ಚಿ ಕೇತಯ್ಯನ ಹೆಸರಿನ ಮೇಲೆ ಗೆರೆ ಎಳೆದ. ಮುದುಕ ಕೈಮುಗಿದು ಹೋದ.

ಸೋವರಸ ನೆಮ್ಮದಿಯಿಂದ ರಾಜಧಾನಿಗೆ ಮರಳಿದ. ದಾರಿಯಲ್ಲಿ ಆ ಊರಿನ ಹೊಲಗಳನ್ನು ನೋಡಿದ. ಬಿತ್ತನೆಯ ಹದ ಮುಗಿಯುತ್ತಿದ್ದರೂ ಅರ್ಧಕ್ಕರ್ಧ ಹೊಲ ಬರಿದಾಗಿದ್ದವು. 'ಸೋಮಾರಿ ಊರು' ಎಂದು ಕಡತದ ಅಂಚಿನಲ್ಲಿ ಬರೆದುಕೊಂಡ. ಅರಸನ ಮುಂದೆ ನಿಂತು, "ಪ್ರಭು, ಒಂದು ಕಾಳೂ ಸೋರಿಲ್ಲ. ಎಲ್ಲವೂ ಸೇರಿದೆ" ಎಂದ. ಅರಸ ಅವನಿಗೆ ವೀಳ್ಯ ಕೊಟ್ಟು ಕಳುಹಿಸಿದ.

ಇಪ್ಪತ್ತು ದಿನ ಕಳೆದಿರಬಹುದು. ಗಡಿಯ ಕಡೆಯಿಂದ ಬಂದ ಒಬ್ಬ ವ್ಯಾಪಾರಿ ಅರಸನ ಬಳಿ ಬೇರೆಯೇ ಮಾತು ಹೇಳಿದ. ಏರಿಯಾಚೆಯ ಗುಡಾರಗಳಲ್ಲಿ ಮಕ್ಕಳ ಪಕ್ಕೆಲುಬು ಎಣಿಸುವಂತಿವೆ, ಹೆಂಗಸರು ನೀರು ಕುಡಿದು ಮಲಗುತ್ತಾರೆ ಎಂದ.

ಅರಸ ಸೋವರಸನನ್ನು ಕರೆಸಿದ. ಸೋವರಸನಿಗೆ ನಂಬಿಕೆಯಾಗಲಿಲ್ಲ. ಕಡತವನ್ನು ಅರಸನ ಮುಂದೆ ಹಾಸಿದ. "ತಲೆಗೆ ಮೂರು ಸೇರು, ಪ್ರಭು. ವಾರವಾರ ಸೇರುತ್ತಿದೆ. ಇಷ್ಟು ಉಂಡವರು ಹಸಿದಿರಲು ಸಾಧ್ಯವಿಲ್ಲ" ಎಂದ.

ಅರಸ ಕಡತವನ್ನು ನೋಡಲಿಲ್ಲ. ಸೋವರಸನನ್ನೇ ನೋಡುತ್ತ, "ಇದುವರೆಗೆ ನೀನು ಬಂಡಿಯ ಹಿಂದೆ ಹೋದೆ. ಈಗ ಕಾಳಿನ ಹಿಂದೆ ಹೋಗು" ಎಂದ.

ಸೋವರಸ ಎರಡನೆಯ ಸಲ ಹೊರಟ. ಈ ಸಲ ಬಂಡಿಯಿಲ್ಲ, ಆಳಿಲ್ಲ. ಮನಸ್ಸಿನಲ್ಲಿ ಸ್ವಲ್ಪ ಅವಮಾನವಿತ್ತು. ಊರ ಗೌಡ ಅವನನ್ನು ಎದುರುಗೊಂಡು ತನ್ನ ಮನೆಯ ಪಡಸಾಲೆಯಲ್ಲಿ ಇಳಿಸಿದ. ಅರಸನ ಕಡೆಯವರು ಬಂದರೆ ಗೌಡನ ಮನೆಯಲ್ಲಿ ಊಟ. ಅದು ಅಲ್ಲಿನ ವಾಡಿಕೆ. ಗೌಡತಿ ದಿನವೂ ಅವನಿಗೆ ಎರಡು ರೊಟ್ಟಿ, ಸ್ವಲ್ಪ ಹುರುಳಿ ಕಟ್ಟು ಬಡಿಸುತ್ತಿದ್ದಳು. ರೊಟ್ಟಿ ತೆಳುವಾಗಿರುತ್ತಿತ್ತು. ಗೌಡನ ಮನೆಯಲ್ಲಿ ಇಷ್ಟು ಬಿಗಿಯೇ ಎಂದು ಸೋವರಸ ಅಂದುಕೊಂಡ. ಒಂದು ದಿನ ತಡೆಯದೆ ಮೂರನೆಯ ರೊಟ್ಟಿ ಕೇಳಿದ. ಗೌಡತಿ "ಈಗ ತರುತ್ತೇನೆ" ಎಂದು ಒಳಗೆ ಹೋದಳು. ರೊಟ್ಟಿ ಬರಲು ಬಹಳ ಹೊತ್ತಾಯಿತು. ಬಂದಾಗ ಬಿಸಿಯಾಗಿತ್ತು. ಅವನು ಉಂಡು ಕೈ ತೊಳೆದ.

ಅವನು ಆರಿಸಿಕೊಂಡದ್ದು ಏರಿಗೆ ಹತ್ತಿರದ ಒಂದು ಗುಡಾರವನ್ನು. ಅದರಲ್ಲಿ ಬಾಚಲೆ ಎಂಬ ಹೆಂಗಸಿದ್ದಳು. ಇಬ್ಬರು ಹೆಣ್ಣುಮಕ್ಕಳು, ಮುದುಕಿ ಅತ್ತೆ. ಗಂಡ ನದಿಯ ಆಚೆ ದಡದಲ್ಲಿ ಬೇರೆಯವರನ್ನು ದಾಟಿಸುತ್ತ ಹಿಂದೆ ಉಳಿದಿದ್ದ. ಇನ್ನೂ ಬಂದಿರಲಿಲ್ಲ. ನಾಲ್ಕು ತಲೆಗೆ ವಾರಕ್ಕೆ ಹನ್ನೆರಡು ಸೇರು ಜೋಳ. ಆ ಹನ್ನೆರಡು ಸೇರು ಎಲ್ಲಿ ಹೋಗುತ್ತದೆ ಎಂದು ಸೋವರಸ ಬೆಳಗಿನಿಂದ ಸಂಜೆಯವರೆಗೆ ಕುಳಿತು ನೋಡತೊಡಗಿದ.

ಮುದುಕಿಗೆ ಕಣ್ಣು ಮಂಜು. ಗುಡಾರದ ಮುಂದೆ ಯಾರೋ ಕುಳಿತಿದ್ದಾರೆಂದಷ್ಟೇ ಗೊತ್ತಾಗುತ್ತಿತ್ತು. "ಯಾರಪ್ಪ ಅದು, ದಿನಾ ಬಂದು ಕೂರುತ್ತೀಯಲ್ಲ, ನಿನಗೂ ಮನೆ ಹೋಯಿತೇನು?" ಎಂದು ಕೇಳಿದಳು.

"ಇಲ್ಲ ತಾಯಿ, ನಾನು ಅರಮನೆಯ ಕರಣಿಕ" ಎಂದ ಸೋವರಸ.

"ಮನೆ ಇದ್ದರೆ ಸರಿ" ಎಂದು ಮುದುಕಿ ಸಮಾಧಾನ ಪಟ್ಟುಕೊಂಡಳು. ಆಮೇಲೆ ದಿನವೂ ಅವನೊಡನೆ ಮಾತಾಡುತ್ತಿದ್ದಳು. ತನ್ನ ಮಗನ ಹೆಸರು, ಸುಟ್ಟುಹೋದ ಮನೆಯ ಕಂಬಗಳ ಸಂಖ್ಯೆ, ಬಿಟ್ಟುಬಂದ ಎಮ್ಮೆಯ ಸ್ವಭಾವ ಎಲ್ಲವನ್ನೂ ಹೇಳಿದಳು. ಸೋವರಸನಿಗೆ ಅದು ಯಾವುದೂ ಬರೆಯುವ ವಿಷಯವಾಗಿರಲಿಲ್ಲ. ಆದರೂ ಎದ್ದು ಹೋಗಲು ಆಗುತ್ತಿರಲಿಲ್ಲ. ಮನೆಯಲ್ಲಿ ಅವನೊಡನೆ ಮಾತಾಡುವವರು ಯಾರೂ ಇರಲಿಲ್ಲ.

ವಾರ ಮುಗಿಯಿತು. ಕಣ್ಣಳತೆಯಲ್ಲಿ ಸೋವರಸ ಮೋಸ ಹೋಗುವವನಲ್ಲ. ಆ ಗುಡಾರದಲ್ಲಿ ವಾರವಿಡೀ ಬೆಂದದ್ದು ಆರು ಸೇರು, ಮೇಲೊಂದು ಪಾವು. ಬಂದದ್ದು ಹನ್ನೆರಡು ಸೇರು. ಸೇರಿಗೆ ನಾಲ್ಕು ಪಾವಿನಂತೆ ಉಳಿದ ಐದು ಸೇರು ಮೂರು ಪಾವು ಗುಡಾರದಲ್ಲಿ ಇರಲಿಲ್ಲ.

ಎಲ್ಲಿ ಹೋಗುತ್ತದೆ ಎಂಬುದೂ ಅವನಿಗೆ ಅರ್ಧ ಗೊತ್ತಾಗಿತ್ತು. ಗುಡಾರದವರಲ್ಲಿ ಬೀಸುಕಲ್ಲಿರಲಿಲ್ಲ. ಜೋಳ ಬೀಸಲು ಊರೊಳಗೆ ಹೋಗಬೇಕು. ಬಾಚಲೆ ಮೊರದ ತುಂಬ ಜೋಳ ಹೊತ್ತು ಏರಿ ಹತ್ತಿ ಹೋಗುತ್ತಿದ್ದಳು. ಬರುವಾಗ ಹಿಟ್ಟು ಬಹಳ ಕಡಿಮೆಯಿರುತ್ತಿತ್ತು. ಅವಳೊಬ್ಬಳೇ ಅಲ್ಲ. ಗುಡಾರಗಳ ಹೆಂಗಸರೆಲ್ಲ ತುಂಬಿದ ಮೊರ ಹೊತ್ತು ಹೋಗಿ ಅರ್ಧ ಮೊರ ಹಿಟ್ಟು ತರುತ್ತಿದ್ದರು.

ಸೋವರಸನ ಮೈ ಉರಿಯಿತು. ಊರವರು ಬೀಸುಕಲ್ಲಿಗೆ ಬಾಡಿಗೆ ಕೀಳುತ್ತಿದ್ದಾರೆ. ದಿಕ್ಕಿಲ್ಲದವರ ಅನ್ನಕ್ಕೆ ಕೈ ಹಾಕಿದ್ದಾರೆ. ಹೊಲ ಬಿತ್ತದ ಸೋಮಾರಿಗಳು ಕುಳಿತಲ್ಲೇ ಉಣ್ಣುತ್ತಿದ್ದಾರೆ. ಅವನು ಗೌಡನ ಪಡಸಾಲೆಯಲ್ಲಿ ಕುಳಿತು ಅರಸನಿಗೆ ಓಲೆ ಬರೆದ. ಏರಿಯ ಮೇಲೆ ಕಾವಲು ಹಾಕಬೇಕು. ಊರಿಗೆ ದಂಡ ವಿಧಿಸಬೇಕು. ಗುಡಾರದವರಿಗೆ ಬೇರೆ ಬೀಸುಕಲ್ಲು ಕಳುಹಿಸಬೇಕು. ಬರೆದು ಮುಗಿಸಿದ. ಕಳುಹಿಸುವ ಮೊದಲು ಒಂದು ಮಾತು ನೆನಪಾಯಿತು. ಅರಸ ಕಾಳಿನ ಹಿಂದೆ ಹೋಗು ಎಂದಿದ್ದ. ಕಾಳು ಇನ್ನೂ ಒಂದು ಹೊಸಿಲು ದಾಟುತ್ತದೆ. ಅದನ್ನು ಅವನು ನೋಡಿರಲಿಲ್ಲ.

ಮರುದಿನ ಮಧ್ಯಾಹ್ನ ಬಾಚಲೆ ಮೊರ ಹೊತ್ತಾಗ ಅವನು ಹಿಂದೆ ನಡೆದ.

ಅವಳು ಹೋದದ್ದು ಜಕ್ಕವ್ವ ಎಂಬ ವಿಧವೆಯ ಮನೆಗೆ. ಸಣ್ಣ ಮನೆ. ಬಾಗಿಲು ತೆರೆದೇ ಇತ್ತು. ಒಳಗೆ ಬೀಸುಕಲ್ಲಿನ ಎರಡು ಬದಿಗೆ ಇಬ್ಬರೂ ಕುಳಿತಿದ್ದರು. ಒಂದೇ ಗೂಟಕ್ಕೆ ಇಬ್ಬರ ಕೈ. ಬಾಚಲೆ ಏನೋ ಹೇಳುತ್ತಿದ್ದಳು, ಜಕ್ಕವ್ವ ನಗುತ್ತಿದ್ದಳು. ಮೂಲೆಯಲ್ಲಿ ಮೂರು ಮಕ್ಕಳು ಹಿಟ್ಟು ಬೀಳುವುದನ್ನೇ ನೋಡುತ್ತ ಕುಳಿತಿದ್ದವು. ಅವುಗಳ ಪಕ್ಕೆಲುಬನ್ನೂ ಎಣಿಸಬಹುದಿತ್ತು.

ಸೋವರಸನ ನೆರಳು ಬಾಗಿಲಲ್ಲಿ ಬಿದ್ದಾಗ ಕಲ್ಲು ನಿಂತಿತು.

"ಬೀಸುವುದಕ್ಕೆ ವಾರಕ್ಕೆ ಎಷ್ಟು ತೆಗೆದುಕೊಳ್ಳುತ್ತೀ?" ಎಂದು ಅವನು ಜಕ್ಕವ್ವನನ್ನು ಕೇಳಿದ.

ಜಕ್ಕವ್ವ ತಲೆ ತಗ್ಗಿಸಿದಳು. ಕಿವಿಯವರೆಗೆ ಕೆಂಪಾದಳು. "ನಾಲ್ಕು ಸೇರು" ಎಂದಳು, ಕೇಳಿಸಿಯೂ ಕೇಳಿಸದ ಹಾಗೆ.

"ನಿನಗೆ ನಾಚಿಕೆಯಾಗುವುದಿಲ್ಲವೇ?"

"ಆಗುತ್ತದೆ, ಅಯ್ಯಾ" ಎಂದಳು ಜಕ್ಕವ್ವ.

ಬಾಚಲೆ ಎದ್ದು ನಿಂತಳು. ಅದುವರೆಗೆ ಅವನೆದುರು ಅವಳು ಗಟ್ಟಿಯಾಗಿ ಮಾತಾಡಿದವಳಲ್ಲ. "ಅವಳನ್ನು ಕೇಳಬೇಡಿ, ಅಯ್ಯಾ. ನನ್ನನ್ನು ಕೇಳಿ. ಅವಳು ತೆಗೆದುಕೊಳ್ಳುವುದಿಲ್ಲ. ನಾನು ಕೊಡುತ್ತೇನೆ. ಮೊದಲ ವಾರ ಅವಳ ಕಾಲು ಹಿಡಿದು ಕೊಟ್ಟೆ. ನಾವು ನದಿ ದಾಟಿ ಬಂದದ್ದು ಶ್ರಾವಣದಲ್ಲಿ. ನಿಮ್ಮ ಬಂಡಿ ಬಂದದ್ದು ಆಶ್ವಯುಜದಲ್ಲಿ. ನಡುವೆ ನಲವತ್ತೆರಡು ದಿನ. ಅಷ್ಟು ದಿನ ನಾವು ಏನು ಉಂಡೆವು ಎಂದು ನೀವು ಕೇಳಲೇ ಇಲ್ಲ."

ಸೋವರಸ ಕೇಳಿರಲಿಲ್ಲ. ಅವನ ಕಡತ ಬಂಡಿ ಹೊರಟ ದಿನದಿಂದ ಶುರುವಾಗಿತ್ತು.

"ಈ ಊರವರು ಮನೆಯಲ್ಲಿದ್ದದ್ದನ್ನು ಮೊದಲು ಕೊಟ್ಟರು" ಎಂದಳು ಬಾಚಲೆ. "ಅದು ಹತ್ತು ದಿನಕ್ಕೆ ಮುಗಿಯಿತು. ಆಮೇಲೆ ಬಿತ್ತನೆಗೆಂದು ಇಟ್ಟ ಬೀಜ ತೆಗೆದರು. ಇವಳ ಹೊಲದ ಬೀಜ ನನ್ನ ಮಕ್ಕಳ ಹೊಟ್ಟೆ ಸೇರಿತು, ಅಯ್ಯಾ. ಅದಕ್ಕೇ ಈ ಊರಿನ ಹೊಲ ಬರಿದಾಗಿದೆ. ಈಗ ನಮಗೆ ಅರಸರು ಕೊಡುತ್ತಾರೆ, ಇವಳಿಗೆ ಕೊಡುವವರು ಯಾರು? ಇವಳು ನೆಲೆ ತಪ್ಪಿದವಳಲ್ಲ, ಹಾಗಾಗಿ ನಿಮ್ಮ ಪಟ್ಟಿಯಲ್ಲಿಲ್ಲ. ಇವಳಿಗೆ ನೆಲೆಯಿದೆ, ಒಲೆಯಿದೆ. ಒಲೆಯ ಮೇಲಿಡಲು ಏನೂ ಇಲ್ಲ."

ಜಕ್ಕವ್ವ ಅವಳ ಸೆರಗು ಎಳೆದಳು. "ಸಾಕು ತಂಗಿ, ದೊಡ್ಡವರೊಡನೆ ಹೀಗೆ ಮಾತಾಡಬಾರದು" ಎಂದಳು.

ಸೋವರಸ ಹೊಸಿಲ ಮೇಲೆಯೇ ಕುಳಿತುಬಿಟ್ಟ. ಕಡತದ ಅಂಚಿನಲ್ಲಿ ಬರೆದಿದ್ದ ಎರಡು ಪದ ಅವನ ಕಣ್ಣಿಗೆ ಕಟ್ಟಿತು. ಬೆರಳಿಗೆ ಎಂಜಲು ಹಚ್ಚಿ ಅದನ್ನು ಉಜ್ಜಿ ಅಳಿಸಿದ. ಮಕ್ಕಳಲ್ಲಿ ಕಿರಿಯದು ಅವನ ಬಳಿ ಬಂದು ಅವನ ಕರಿಯಾದ ಬೆರಳನ್ನು ಹಿಡಿದು ನೋಡಿತು.

ಆದರೂ ಅವನು ಕರಣಿಕ. ಮೂವತ್ತು ವರ್ಷದ ಅಭ್ಯಾಸ ಒಂದು ಮಧ್ಯಾಹ್ನದಲ್ಲಿ ಹೋಗುವುದಿಲ್ಲ. ಮನಸ್ಸಿನಲ್ಲೇ ಕೂಡಿದ, ಕಳೆದ. ಆರು ಸೇರು ಒಂದು ಪಾವು ಗುಡಾರದಲ್ಲಿ ಬೆಂದಿತು. ನಾಲ್ಕು ಸೇರು ಜಕ್ಕವ್ವನಿಗೆ. ಇನ್ನೂ ಒಂದು ಸೇರು ಮೂರು ಪಾವು ಉಳಿಯಿತು. ಏಳು ಪಾವು. ವಾರಕ್ಕೆ ಏಳು ದಿನ.

"ಬಾಚಲೆ, ದಿನಕ್ಕೊಂದು ಪಾವು ಲೆಕ್ಕಕ್ಕೆ ಸಿಗುತ್ತಿಲ್ಲ" ಎಂದ. ಈಗ ಅವನ ದನಿಯಲ್ಲಿ ಗದರಿಕೆಯಿರಲಿಲ್ಲ. "ಅದನ್ನೂ ಯಾರಿಗಾದರೂ ಕೊಡುತ್ತೀಯಾ? ಕೇತಯ್ಯನಿಗೋ?"

"ಕೇತಯ್ಯನಿಗೆ ನಾವೆಲ್ಲ ಸೇರಿ ಹಾಕುತ್ತೇವೆ. ದಿನಕ್ಕೊಂದು ಗುಡಾರ. ನನ್ನ ಸರದಿ ಮುಂದಿನ ತಿಂಗಳು" ಎಂದಳು ಬಾಚಲೆ.

"ಹಾಗಾದರೆ ಇದು?"

ಬಾಚಲೆ ಜಕ್ಕವ್ವನ ಮುಖ ನೋಡಿದಳು. ಜಕ್ಕವ್ವ ನೆಲ ನೋಡಿದಳು. ಇಬ್ಬರ ತುಟಿಯಲ್ಲೂ ತಡೆದ ನಗೆಯಿತ್ತು. ಸೋವರಸ ಎಷ್ಟು ಕೇಳಿದರೂ "ಬಿಡಿ ಅಯ್ಯಾ, ಅದು ಬರೆಯುವಂಥದ್ದಲ್ಲ" ಎಂದರು.

ಬರೆಯುವಂಥದ್ದಲ್ಲ ಎಂದರೆ ಸೋವರಸನಿಗೆ ನಿದ್ದೆ ಬರುವುದಿಲ್ಲ. ಅಲ್ಲಿಂದ ನೇರವಾಗಿ ಗುಡಾರಕ್ಕೆ ಹೋಗಿ ಮುದುಕಿಯ ಮುಂದೆ ಕುಳಿತ. "ತಾಯಿ, ನಿಮ್ಮ ಸೊಸೆ ದಿನಕ್ಕೊಂದು ಪಾವು ಜೋಳ ಯಾರಿಗೆ ಕೊಡುತ್ತಾಳೆ?" ಎಂದು ಕೇಳಿದ.

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. ಕೈ ಚಾಚಿ, ತಡವಿ, ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು.

"ಇಲ್ಲಿದೆ ಮಗಾ" ಎಂದಳು.

ಸೋವರಸನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮುದುಕಿಯೇ ಬಿಡಿಸಿ ಹೇಳಿದಳು. ಗೌಡನ ಕಣಜ ಎಲ್ಲರಿಗಿಂತ ಮೊದಲು ಬರಿದಾಗಿತ್ತು. ಅವನು ಗೌಡನಾದ್ದರಿಂದ ಮೊದಲು ಕೊಟ್ಟಿದ್ದ. ಅರಮನೆಯ ಕರಣಿಕ ಬಂದಿಳಿದ ದಿನ ಗೌಡತಿ ಜಕ್ಕವ್ವನ ಮನೆಗೆ ಓಡಿ ಬಂದಳು. ಮನೆಗೆ ಬಂದವರಿಗೆ ಬಡಿಸಲು ಏನೂ ಇಲ್ಲವೆಂದು ಅತ್ತಳು. ಜಕ್ಕವ್ವನಲ್ಲೂ ಇರಲಿಲ್ಲ. ಅಲ್ಲಿ ಕುಳಿತಿದ್ದ ಬಾಚಲೆ, ದಿನಕ್ಕೊಂದು ಪಾವು ನಾನು ಕೊಡುತ್ತೇನೆ ಎಂದಳು. ಅವನು ದಿನವೂ ಉಂಡ ರೊಟ್ಟಿ ಅದೇ. ಒಂದು ದಿನ ಮೂರನೆಯದು ಬೇಕೆಂದ. ಗೌಡತಿ ಹಿತ್ತಿಲ ಬಾಗಿಲಿನಿಂದ ಏರಿ ದಾಟಿ ಬಂದಳು. ಆ ದಿನ ಮುದುಕಿ, ನನಗೆ ಹಸಿವಿಲ್ಲ, ನನ್ನದನ್ನು ಬಿಸಿ ಮಾಡಿ ಕೊಡಿ ಎಂದಿದ್ದಳು.

"ಅದು ನನ್ನ ಪಾಲಿನ ರೊಟ್ಟಿ" ಎಂದಳು ಮುದುಕಿ, ಹೆಮ್ಮೆಯಿಂದ. "ಮೆತ್ತಗಿತ್ತೋ?"

"ಮೆತ್ತಗಿತ್ತು, ತಾಯಿ" ಎಂದ ಸೋವರಸ.

ಬಾಚಲೆ ಅಷ್ಟರಲ್ಲಿ ಹಿಟ್ಟು ಹೊತ್ತು ಬಂದಳು. ಅವನು ಎದ್ದು ನಿಂತು ಕೇಳಿದ, "ನಾನು ನಿಮ್ಮ ಹೆಸರು ಪಟ್ಟಿಯಿಂದ ತೆಗೆಯುವವನು ಎಂದು ಗೊತ್ತಿತ್ತಲ್ಲ. ಗೊತ್ತಿದ್ದೂ ಏಕೆ ಕೊಟ್ಟೆ, ತಾಯಿ?"

"ನೀವು ದೂರದಿಂದ ನಡೆದು ಬಂದಿದ್ದಿರಿ" ಎಂದಳು ಬಾಚಲೆ. "ನಡೆದು ಬಂದವರ ಹಸಿವು ನಮಗೆ ಗೊತ್ತಲ್ಲವೇ?"

ಸೋವರಸ ಆ ಸಂಜೆ ಓಲೆಯನ್ನು ಹರಿದು ಹಾಕಿದ. ಕೇತಯ್ಯನ ಗುಡಾರಕ್ಕೆ ಹೋದ. ಕಡತ ಬಿಚ್ಚಿ, ಗೆರೆ ಎಳೆದ ಹೆಸರನ್ನು ಮತ್ತೆ ಹೊಸದಾಗಿ ಬರೆದ. ಕೇತಯ್ಯ ಓದುಬರಹ ಬಲ್ಲವನಲ್ಲ. "ಏನು ಬರೆದಿರಿ, ಅಯ್ಯಾ?" ಎಂದು ಕೇಳಿದ. "ನನ್ನ ತಪ್ಪನ್ನು" ಎಂದ ಸೋವರಸ. ಮುದುಕನ ಮುಂದೆ ತಲೆ ಬಾಗಿದ. ಕೇತಯ್ಯ ಗಾಬರಿಯಿಂದ ಅವನ ಎರಡು ಕೈಗಳನ್ನೂ ಹಿಡಿದುಕೊಂಡ.

ಮರುದಿನದಿಂದ ಅವನು ಏರಿಯ ಈಚೆ ಬದಿಯ ಅರವತ್ತು ಮನೆಗಳಿಗೂ ಹೋದ. ಎಷ್ಟು ದಿನ ಯಾರಿಗೆ ಉಣಿಸಿದಿರಿ, ಎಷ್ಟು ಬೀಜ ಹೋಯಿತು ಎಂದು ಕೇಳಿದ. ಹೇಳಿಸುವುದು ಸುಲಭವಾಗಲಿಲ್ಲ. ಉಣಿಸಿದ್ದನ್ನು ಎಣಿಸಿಟ್ಟವರು ಯಾರೂ ಇರಲಿಲ್ಲ. ಕೆಲವರು ಬೈದು ಕಳುಹಿಸಿದರು. ಒಬ್ಬ ರೈತ, "ಇದನ್ನೂ ಬರೆಯಬೇಕೇ? ಬಂದರು, ಉಂಡರು, ಮುಗಿಯಿತು" ಎಂದ. ಕೊನೆಗೆ ಗುಡಾರದವರೇ ಮುಂದೆ ಬಂದರು. ನಾನು ಇಂಥವರ ಮನೆಯಲ್ಲಿ ಇಷ್ಟು ದಿನ ಉಂಡೆ ಎಂದು ಒಬ್ಬೊಬ್ಬರೇ ಹೇಳಿ ಬರೆಸಿದರು. ಅವರಿಗೆ ಎಲ್ಲವೂ ನೆನಪಿತ್ತು. ಯಾವ ಮನೆ, ಯಾವ ದಿನ, ಯಾರ ಕೈಯ ಅಡುಗೆ ಎಂಬುದೂ ನೆನಪಿತ್ತು.

ಸೋವರಸ ರಾಜಧಾನಿಗೆ ಹೋಗಿ ಎಲ್ಲವನ್ನೂ ಓದಿ ಹೇಳಿದ. ತಾನು ಮಾಡಿದ ನಿಯಮ ತಪ್ಪೆಂದೂ ಹೇಳಿದ. ಅರಮನೆಯ ಭಂಡಾರಿ ಒಪ್ಪಲಿಲ್ಲ. "ನೆಲೆ ತಪ್ಪಿದವರಿಗೆ ಕೊಡಲು ಹೊರಟೆವು. ಈಗ ಊರವರಿಗೂ ಎಂದರೆ ನಾಳೆ ಎಲ್ಲ ಊರುಗಳೂ ಕೈ ಚಾಚುತ್ತವೆ" ಎಂದ.

"ಚಾಚಲಿ. ಚಾಚಿದಲ್ಲಿಗೆ ಹೋಗಿ ನೋಡುತ್ತೇನೆ. ನೋಡುವುದೇ ನನ್ನ ಕೆಲಸ" ಎಂದ ಸೋವರಸ.

ಅರಸ ಕಡತವನ್ನು ಕೈಗೆ ತೆಗೆದುಕೊಂಡ. ಕೊನೆಯ ಸಾಲಿಗೆ ಬಂದಾಗ ನಿಂತ. ಅಲ್ಲಿ ಹೀಗೆ ಬರೆದಿತ್ತು: 'ಕರಣಿಕ ಸೋವರಸ ಉಂಡದ್ದು, ದಿನಕ್ಕೊಂದು ಪಾವು ಜೋಳ, ಬಾಚಲೆಯ ಪಾಲಿನಿಂದ. ಮೇಲೊಂದು ರೊಟ್ಟಿ, ಅವಳ ಅತ್ತೆಯ ಪಾಲಿನಿಂದ.'

ಅರಸ ಅದನ್ನು ಎರಡು ಸಲ ಓದಿದ. ಭಂಡಾರಿಯನ್ನು ಕರೆದು ಬಂಡಿ ಹೇರಿಸಲು ಹೇಳಿದ.

ಈ ಸಲ ಚರ್ಚೆ ಅಷ್ಟಕ್ಕೇ ಮುಗಿಯಿತು. ಏರಿಯ ಎರಡೂ ಬದಿಗೆ ಜೋಳ ಹೋಯಿತು. ಬೀಜವೂ ಹೋಯಿತು. ಜೋಳ ಬಿತ್ತುವ ಹದ ಮೀರಿತ್ತು. ಕಡಲೆಗೆ ಇನ್ನೂ ಸ್ವಲ್ಪ ಹದವಿತ್ತು. ಊರವರೂ ಗುಡಾರದವರೂ ಕೂಡಿ ಬಿತ್ತಿದರು. ತಡವಾದ ಬಿತ್ತನೆ. ಬೆಳೆ ಅರ್ಧ ಬಂದಿತು. ಆ ವರ್ಷ ಅಲ್ಲಿ ಯಾರೂ ಹೊಟ್ಟೆ ತುಂಬ ಉಣ್ಣಲಿಲ್ಲ. ಆದರೆ ಯಾರೂ ಹಸಿವಿನಿಂದ ಸಾಯಲಿಲ್ಲ.

ಎರಡು ವರ್ಷದ ಮೇಲೆ ಯುದ್ಧ ನಿಂತಿತು. ಕೆಲವರು ಮರಳಿ ಹೋದರು, ಕೆಲವರು ಉಳಿದರು. ಬಾಚಲೆಯ ಗಂಡ ಬರಲಿಲ್ಲ. ಮುದುಕಿ ಒಂದು ಮಾಘದಲ್ಲಿ ತೀರಿಕೊಂಡಳು. ಅವಳನ್ನು ಜಕ್ಕವ್ವನ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಮಣ್ಣು ಹಾಕಿದವರಲ್ಲಿ ಸೋವರಸನೂ ಇದ್ದ. ಮುದುಕಿ ಹಾಸಿಗೆ ಹಿಡಿದ ಸುದ್ದಿ ಕೇಳಿ ಮೂರು ದಿನ ನಡೆದು ಬಂದಿದ್ದ. ಮಗನ ಜಾಗದಲ್ಲಿ ನಿಂತು ಮೊದಲ ಹಿಡಿ ಮಣ್ಣು ಅವನೇ ಹಾಕಿದ. ಬಾಚಲೆ ಹಾಗೆ ಕೇಳಿಕೊಂಡಿದ್ದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ನಾಗಿದೇವನ ಕಣ್ಣು ಒದ್ದೆಯಾಗಿತ್ತು. ಒರೆಸಿಕೊಂಡು ಕೇಳಿದ. "ಹಾಗಾದರೆ ಗುರುಗಳೇ, ಪಟ್ಟಿ, ಲೆಕ್ಕ ಯಾವುದೂ ಬೇಡವೇ?"

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟರು.

"ಬೇಕು ಮಗು, ಪೂರ್ತಿ ಲೆಕ್ಕ ಬೇಕು. ಹೇಳು, ಅಲ್ಲಿದ್ದ ಮೂರು ದಿನ ನೀನು ಯಾರ ಅನ್ನ ಉಂಡೆ?"

ನಾಗಿದೇವ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು, ಎದ್ದು ಮತ್ತೆ ಹೊಳೆದಂಡೆಯ ದಾರಿ ಹಿಡಿದ.